ಓದುಗರ ಪ್ರಶ್ನೆ: ಎಂಟು ಚೀಲ ಚೆಲ್ಲಿದರೂ ಹುಲ್ಲು ಏಕೆ ಏಳಲಿಲ್ಲ?

ಪ್ರಶ್ನೆ: ಊರಿನ ಹತ್ತು ಎಕರೆ ಗಾಯರಾಣದಲ್ಲಿ (ದನ ಮೇಯುವ ಗೋಮಾಳದಲ್ಲಿ) ಮತ್ತೆ ನಮ್ಮ ಮಡ್ಡಿಯ ಹುಲ್ಲೇ ಬೆಳೆಯಲಿ ಎಂದು ದೀಪಾವಳಿ ಹೊತ್ತಿಗೆ ಹುಲ್ಲು ಕೊಯ್ದು, ತೆನೆ ಬಡಿದು, ಎಂಟು ಚೀಲ ತುಂಬಿಟ್ಟೆವು. ಜೂನ್‌ನಲ್ಲಿ ಚೆಲ್ಲಿ ಕುಂಟೆ ಹೊಡೆದೆವು. ಎದ್ದದ್ದು ಬಹುಪಾಲು ಕಾಂಗ್ರೆಸ್ ಕಸ. ಎಲ್ಲಿ ತಪ್ಪಿತು?
– ಔರಾದ ತಾಲ್ಲೂಕಿನ ಓದುಗರು

ಉತ್ತರ: ಚೀಲ ಎಂಟಿದ್ದವು ಸರಿ, ಅದರಲ್ಲಿ ಕಾಳೆಷ್ಟಿತ್ತು? ಮಾರ್ವೆಲ್, ಸೆಹಿಮಾದಂಥ ಹುಲ್ಲುಗಳ ತೆನೆಯಲ್ಲಿ ಕಾಳಿನ ಗೂಡುಗಳು ಜೋಡಿಜೋಡಿಯಾಗಿ ಇರುತ್ತವೆ. ಕಡ್ಡಿಗೆ ಅಂಟಿ ಕೂತದ್ದರಲ್ಲಿ ಕಾಳು ಕಟ್ಟುತ್ತದೆ; ಪಕ್ಕದಲ್ಲಿ ಸಣ್ಣ ತೊಟ್ಟಿನ ಮೇಲಿರುವುದು ಸಾಮಾನ್ಯವಾಗಿ ಜೊಳ್ಳು. ಅಂದರೆ ಚೆನ್ನಾಗಿ ಬಲಿತ ತೆನೆಯಲ್ಲೂ ಅರ್ಧ ಜೊಳ್ಳೇ.

ಇನ್ನು ಕೊಯ್ದ ರೀತಿ. ಈ ಹುಲ್ಲು ಜೋಳದಂತೆ ಒಂದೇ ಸಲಕ್ಕೆ ಮಾಗುವುದಿಲ್ಲ. ತೆನೆಯ ತುದಿ ಬಲಿತು ಉದುರುವಾಗ ಬುಡ ಇನ್ನೂ ಹಸಿರಿರುತ್ತದೆ. ಕುಡುಗೋಲು ಹಾಕಿದರೆ ಬಲಿತದ್ದು ನೆಲಕ್ಕೆ, ಎಳೆಯದು ಚೀಲಕ್ಕೆ. ತೆನೆಯನ್ನು ಬೆರಳ ಸಂದಿಯಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ತುದಿಯ ಮೂರನೇ ಒಂದು ಭಾಗ ತಾನಾಗಿ ಕೈಗೆ ಬಂದರೆ ಸರಿಯಾದ ಹದ. ಜಗ್ಗಬೇಕಾದರೆ ಇನ್ನೂ ಎಳೆಯದು. ಬಂದದ್ದನ್ನು ಅಂಗೈಯಲ್ಲಿ ತಿಕ್ಕಿ ಬಿಳಿ ಕಾಗದದ ಮೇಲೆ ಹಾಕಿ, ಕಾಳನ್ನು ಉಗುರಿನಿಂದ ಒತ್ತಿ ನೋಡಿ: ಹಾಲು ಬಂದರೆ ಬಿಡಿ, ಗಟ್ಟಿಯಿದ್ದರೆ ಕೀಳಿ. ಇಬ್ಬನಿ ಆರಿದ ಮೇಲೆ, ಹತ್ತು ಗಂಟೆ ನಂತರ ಶುರು ಮಾಡಿ. ನಾಲ್ಕೈದು ದಿನ ಬಿಟ್ಟು ಅದೇ ಜಾಗಕ್ಕೆ ಮತ್ತೆ ಹೋಗಿ.

ಕಿತ್ತ ದಿನವೇ ಚೀಲಕ್ಕೆ ತುರುಕಿದರೆ ಒಳಗೆ ಕಾವು ಏರಿ ಬೀಜ ಸಾಯುತ್ತದೆ. ಬೂಜು ಕಾಣುವ ಹೊತ್ತಿಗೆ ಕಥೆ ಮುಗಿದಿರುತ್ತದೆ. ನೆರಳಲ್ಲಿ ತಾಡಪತ್ರಿಯ ಮೇಲೆ ತೆಳುವಾಗಿ ಹರಡಿ, ದಿನಕ್ಕೆರಡು ಸಲ ತಿರುವಿ, ಪೂರ್ತಿ ಒಣಗಿದ ಮೇಲೆ ಬಟ್ಟೆಚೀಲಕ್ಕೆ ಹಾಕಿ. ಜೋಳದ ರಾಶಿ ಮಾಡಿದಂತೆ ಗಾಳಿಗೆ ತೂರಲು ಹೋಗಬೇಡಿ. ಈ ಬೀಜಕ್ಕೆ ರೋಮ, ಮುಳ್ಳುಬಾಲ ಇರುವುದರಿಂದ ಹೊಟ್ಟಿನ ಜೊತೆ ಅದೂ ಹಾರಿಹೋಗುತ್ತದೆ. ಕಡ್ಡಿ ಆರಿಸಿದರೆ ಸಾಕು.

ಬಿತ್ತುವ ಮುಂಚೆ ಲೆಕ್ಕ ಹಾಕಿ. ಗಟ್ಟಿ ಕಾಳಿರುವ ಗೂಡು ನೂರನ್ನು ಆರಿಸಿ, ಇಪ್ಪತ್ತೈದರಂತೆ ನಾಲ್ಕು ಕಡೆ ಒದ್ದೆ ಬಟ್ಟೆಯಲ್ಲಿಟ್ಟು ಮೂರು ವಾರ ನೋಡಿ. 10 ಕೆ.ಜಿ. ಚೀಲದಲ್ಲಿ ತೂಕಕ್ಕೆ ಶೇ. 30 ಮಾತ್ರ ಗಟ್ಟಿ ಬೀಜವಿದ್ದು, ಅದರಲ್ಲಿ ನೂರಕ್ಕೆ 40 ಮೊಳೆತರೆ ನಿಮ್ಮ ಕೈಲಿರುವ ಜೀವಂತ ಬೀಜ 1.2 ಕೆ.ಜಿ. ಅಷ್ಟೆ. ಹೊಸ ಬೀಜ ಕೆಲವು ತಿಂಗಳು ನಿದ್ದೆಯಲ್ಲಿರುತ್ತದೆ, ಹಾಗಾಗಿ ಪರೀಕ್ಷೆ ಮೇ ತಿಂಗಳಲ್ಲಿ ಮಾಡಿ. ನವೆಂಬರ್‌ನಲ್ಲಿ ಮಾಡಿ ಗಾಬರಿಯಾಗಬೇಡಿ.

ಕುಂಟೆಯೂ ಕೆಲಸ ಕೆಡಿಸಿರಬಹುದು. ಅರ್ಧ ಸೆಂ.ಮೀ.ಗಿಂತ ಆಳಕ್ಕೆ ಹೋದ ಇಂಥ ಸಣ್ಣ ಬೀಜ ಮೇಲೇಳುವುದು ಕಷ್ಟ. ಬೀಜಕ್ಕೆ ಮೂರು ಪಾಲು ಹಸಿ ಮರಳು ಬೆರೆಸಿ ಚೆಲ್ಲಿ, ಮೇಲೆ ಮುಳ್ಳುಕಂಟಿ ಎಳೆದುಬಿಡಿ. ಕಾಂಗ್ರೆಸ್ ಕಸ ನೆಲದಿಂದಲೂ ಎದ್ದಿರುತ್ತದೆ, ನಿಮ್ಮ ಚೀಲದಿಂದಲೂ ಬಂದಿರಬಹುದು. ಅದು ಹೂಬಿಟ್ಟ ಜಾಗದಲ್ಲಿ ತೆನೆಗೆ ಕೈ ಹಾಕಲೇಬೇಡಿ.

ಪ್ರಶ್ನೆ: ಬೇವು, ಕಕ್ಕೆ, ಕರಿಜಾಲಿ ಬೀಜ ಒಟ್ಟಿಗೇ ಕೂಡಿಟ್ಟಿದ್ದೆವು. ಮುಂದಿನ ವರ್ಷ ಬೇವು ಒಂದೂ ಹುಟ್ಟಲಿಲ್ಲ.
– ಸುರಪುರದ ಓದುಗರು

ಉತ್ತರ: ಬೇವಿನ ಬೀಜಕ್ಕೆ ಆಯುಷ್ಯ ಕಡಿಮೆ. ಜೂನ್–ಜುಲೈನಲ್ಲಿ ಹಳದಿಯಾದ ಹಣ್ಣು ತಂದು, ತಿರುಳು ತೊಳೆದು, ನೆರಳಲ್ಲಿ ಆರಿಸಿ ಎರಡು ವಾರದೊಳಗೆ ಬಿತ್ತಬೇಕು. ಕಕ್ಕೆ, ಜಾಲಿ ಹಾಗಲ್ಲ. ಸಿಪ್ಪೆ ಗಟ್ಟಿ, ವರ್ಷಗಟ್ಟಲೆ ಇರುತ್ತವೆ. ಆದರೆ ಜಾಲಿಕಾಯಿ ಗಿಡದಲ್ಲಿರುವಾಗಲೇ ಹುಳ ಅದರಲ್ಲಿ ಮೊಟ್ಟೆ ಇಟ್ಟಿರುತ್ತದೆ. ತೂತು ಬಿದ್ದ ಬೀಜ ನೀರಲ್ಲಿ ತೇಲಿದರೆ ಎಸೆಯಿರಿ. ಉಳಿದವಕ್ಕೆ ಕುದಿಸಿ ಇಳಿಸಿ ಸ್ವಲ್ಪ ಆರಿದ ನೀರು ಸುರಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಬ್ಬಿದ್ದನ್ನು ಬಿತ್ತಿ, ಉಬ್ಬದ್ದಕ್ಕೆ ಇನ್ನೊಮ್ಮೆ ಹಾಗೇ ಮಾಡಿ. ಬಳ್ಳಾರಿ ಜಾಲಿಯ ಕಾಯಿ ಬೆರೆತಿಲ್ಲವೇ ನೋಡಿಕೊಳ್ಳಿ. ಅದು ಒಮ್ಮೆ ನೆಲ ಹಿಡಿದರೆ ಬಿಡುವುದಿಲ್ಲ.

ಪ್ರಶ್ನೆ: ಬೀದರ ಮಡ್ಡಿಯ ಹುಲ್ಲಿನ ಬೀಜ ನಮ್ಮ ಎರೆ ಭೂಮಿಗೆ ಆಗುತ್ತದೆಯೇ? ಎಷ್ಟು ಗಿಡದಿಂದ ತೆಗೆಯಬೇಕು?
– ಜೇವರ್ಗಿಯ ಓದುಗರು

ಉತ್ತರ: ಬೇಡ. ಮಡ್ಡಿಯ ತೆಳುಮಣ್ಣಿಗೆ ಒಗ್ಗಿದ್ದು ಸೆಹಿಮಾ. ಎರೆಗೆ ಮಾರ್ವೆಲ್ ಒಳ್ಳೆಯದು. ಅದನ್ನೂ ನಿಮ್ಮ ಸುತ್ತಲಿನ ಎರೆ ಹೊಲದ ಬದುಗಳಿಂದಲೇ ತನ್ನಿ. ಬಿರುಕು ಬಿಟ್ಟ ಎರೆಯಲ್ಲಿ ಒಣಬಿತ್ತನೆ ಮಾಡಿದರೆ ಬೀಜ ಸೀಳಿನೊಳಗೆ ಹೋಗಿಬಿಡುತ್ತದೆ, ಒಂದು ಹದ ಮಳೆ ಬಿದ್ದು ಬಿರುಕು ಮುಚ್ಚಲಿ. ಕನಿಷ್ಠ ಐವತ್ತು ಬುಡಗಳಿಂದ, ದೂರದೂರ ಇರುವಂಥವುಗಳಿಂದ, ಸ್ವಲ್ಪಸ್ವಲ್ಪ ತೆಗೆಯಿರಿ. ಆ ದಿನ ಬಲಿತಿರುವುದರಲ್ಲಿ ಐದನೇ ಒಂದು ಪಾಲು ಮೀರಬೇಡಿ, ಉಳಿದದ್ದು ಅಲ್ಲಿಯ ನೆಲಕ್ಕೇ ಬೇಕು. ಮೀಸಲು ಅರಣ್ಯದಲ್ಲಿ, ಉದಾಹರಣೆಗೆ ಚಿಂಚೋಳಿ ಕಾಡಿನಲ್ಲಿ, ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ತೆನೆಯನ್ನೂ ಮುಟ್ಟುವಂತಿಲ್ಲ. ಪ್ರತಿ ಚೀಲಕ್ಕೂ ಒಂದು ಚೀಟಿ ಒಳಗೆ, ಒಂದು ಹೊರಗೆ: ಹುಲ್ಲಿನ ಹೆಸರು, ಜಾಗ, ಮಣ್ಣು, ತಾರೀಖು, ಎಷ್ಟು ಬುಡದಿಂದ ತೆಗೆದದ್ದು. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಹಸಿಗೆ ಅಳಿಸಿಹೋಗುತ್ತದೆ.