ಬಸ್ ಸ್ಟ್ಯಾಂಡಿನಲ್ಲಿ ಮಲಗುವವರಿಗೆ ಅಂಗವಿಕಲರ ಪೆನ್ಷನ್ ಮಾಡಿಸಬಹುದಾ?

ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ಮಲಗುವ, ಕಾಲು ಸರಿಯಿಲ್ಲದ ಒಬ್ಬರಿಗೆ ಪೆನ್ಷನ್ ಮಾಡಿಸಬೇಕು, ವಿಳಾಸವೇ ಇಲ್ಲವಲ್ಲ, ಏಜೆಂಟ್ ಹಿಡಿಯಲಾ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ಗೋಣಿಕೊಪ್ಪದಲ್ಲಿ ನಾನೂ ಇದನ್ನೇ ಕೇಳಿಕೊಂಡು ಅಲೆದಿದ್ದೆ. ಏಜೆಂಟ್ ಬೇಡವೇ ಬೇಡ. ವಿಳಾಸವೂ ನೀವು ಅಂದುಕೊಂಡಷ್ಟು ದೊಡ್ಡ ತೊಡಕಲ್ಲ.

ನಾನು ಪೆನ್ಷನ್ ಮಾಡಿಸಲು ಹೊರಟಿದ್ದವರು ತೋಟದ ಕೆಲಸದವರು. ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಕರಿಮೆಣಸು ಕೊಯ್ಯುವಾಗ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಕೆಲಸ ಹೋಯಿತು, ಅದರ ಹಿಂದೆಯೇ ತೋಟದವರು ಕೆಲಸಗಾರರಿಗೆ ಕೊಡುವ ಲೈನ್ ಮನೆಯೂ ಹೋಯಿತು. ಮುಚ್ಚಿದ ಅಂಗಡಿಯೊಂದರ ಜಗಲಿಯೇ ಮನೆ. ನಾನು ಅಣ್ಣ ಅಂತಲೇ ಕರೆಯುತ್ತಿದ್ದೆ.

ಆಧಾರ್ ಕಾರ್ಡು ಮಳೆಯಲ್ಲಿ ಹಾಳಾಗಿತ್ತು. ಆಧಾರ್ ಕೇಂದ್ರದಲ್ಲಿ ಬೆರಳಿಟ್ಟರೆ ಮಷೀನ್ ತಗೊಳ್ಳಲಿಲ್ಲ, ದುಡಿದು ದುಡಿದು ಗೆರೆಯೆಲ್ಲ ಸವೆದಿತ್ತು. ಕಣ್ಣು ತೋರಿಸಿದ ಮೇಲೆ ನಂಬರ್ ಸಿಕ್ಕಿತು. ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿದೆವು. ಇಷ್ಟೆಲ್ಲ ಸಲೀಸಾಗಿಯೇ ಆಯಿತು.

ನಾನು ಕೆಡಿಸಿದ್ದು ತಪಾಸಣೆಯ ದಿನ, ಅಂಗವೈಕಲ್ಯ ಶೇಕಡ ಎಷ್ಟು ಅಂತ ಡಾಕ್ಟರ್ ಅಳೆಯುವ ದಿನ. ವಿರಾಜಪೇಟೆ ದಾಟಿ ಮಡಿಕೇರಿವರೆಗೆ ಬಸ್ಸಿನಲ್ಲಿ ಕೂರಬೇಕಲ್ಲ, ಅಣ್ಣನಿಗೆ ನೋವಾಗಬಾರದು ಅಂತ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ಕೊಟ್ಟೆ. ಹಿಂದಿನ ರಾತ್ರಿ ನಮ್ಮ ಮನೆಯಲ್ಲೇ ಹಾಸಿಗೆ ಮೇಲೆ ಮಲಗಿಸಿದ್ದೆ. ಸ್ನಾನ, ಶೇವಿಂಗ್, ನನ್ನದೊಂದು ಶರ್ಟು. ಡಾಕ್ಟರ್ ಹತ್ರ ಮರ್ಯಾದೆಯಿಂದ ಮಾತಾಡಿ ಅಂತ ಬೇರೆ ಹೇಳಿದ್ದೆ. ಮೆಟ್ಟಿಲು ಹತ್ತುತ್ತೀರಾ ಅಂತ ಕೇಳಿದರು. "ಹತ್ತುತ್ತೇನೆ ಸಾರ್." ಕೂತು ಏಳುತ್ತೀರಾ? "ಏಳುತ್ತೇನೆ ಸಾರ್." ಹಲ್ಲು ಕಚ್ಚಿಕೊಂಡು ಎದ್ದೂ ತೋರಿಸಿದರು. ನಾನು ಪಕ್ಕದಲ್ಲಿ ನಿಂತು ಖುಷಿಪಡುತ್ತಿದ್ದೆ.

ಬಂದದ್ದು ಶೇಕಡ 35. ಪೆನ್ಷನ್‌ಗೆ 40 ಆದರೂ ಬೇಕು.

ಡಾಕ್ಟರ್ ತಪ್ಪಲ್ಲ ಅದು. ಕಾಲಿನ ತೊಂದರೆ ಅಳೆಯುವಾಗ ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿಗೆ ಬಲ ಎಷ್ಟಿದೆ ಅನ್ನೋದರ ಜೊತೆ ಮೆಟ್ಟಿಲು, ಇಳಿಜಾರು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಒಂಟಿ ಕಾಲಲ್ಲಿ ನಿಲ್ಲುವುದು ಎಲ್ಲ ನೋಡುತ್ತಾರೆ. ನಾನು ಅವರ ಮುಂದೆ ನಿಲ್ಲಿಸಿದ್ದು ಮಾತ್ರೆ ನುಂಗಿ, ಹಾಸಿಗೆ ಮೇಲೆ ಮಲಗೆದ್ದ ಮನುಷ್ಯನನ್ನು. ಜಗಲಿಯ ತಣ್ಣನೆ ಸಿಮೆಂಟಿನಿಂದ ಎದ್ದವರನ್ನಲ್ಲ. ಜೊತೆಗೆ ಆಸ್ಪತ್ರೆಯ ಹಳೇ ಚೀಟಿ ಒಂದೂ ಒಯ್ದಿರಲಿಲ್ಲ. ಕಾಲು ಕಣ್ಣಿಗೆ ಕಾಣುತ್ತದಲ್ಲ, ಚೀಟಿ ಯಾಕೆ ಅಂದುಕೊಂಡಿದ್ದೆ. ಬೀದಿಯಲ್ಲಿ ಬದುಕುವವರು ನನ್ನ ಕೈಲಾಗಲ್ಲ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಹಾಗೆ ಹೇಳಿದ ದಿನವೇ ಅಣ್ಣನ ಕೆಲಸ ಹೋಗಿದ್ದು. ಇದು ನನಗೆ ಹೊಳೆಯಬೇಕಿತ್ತು. ಆ ಒಂದು ದಿನದ ತಪ್ಪಿಗೆ ಅವರು ಇನ್ನೊಂದು ಮಳೆಗಾಲ ಜಗಲಿಯಲ್ಲೇ ಕಳೆದರು.

ಕೊಟ್ಟ ಪರ್ಸೆಂಟ್ ಒಪ್ಪಿಗೆಯಾಗದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಎರಡನೇ ಸಲದ ತಪಾಸಣೆಗೆ, ಅಣ್ಣನಿಗೆ ಆಪರೇಷನ್ ಆಗಿದ್ದ ಆಸ್ಪತ್ರೆಯಿಂದ ಡಿಸ್ಚಾರ್ಜ್ ಚೀಟಿಯ ನಕಲು, ಎಕ್ಸ್‌ರೇ ತಂದೆವು. ಒಂದು ಬೆಳಿಗ್ಗೆ ಆರು ಗಂಟೆಗೆ ಜಗಲಿಗೇ ಹೋಗಿ ಕೂತೆ. ಅಣ್ಣ ಏಳುವುದು ಹೀಗೆ: ಎಡಗೈಯಲ್ಲಿ ಅಂಗಡಿ ಶಟರಿನ ಬೀಗ ಹಿಡಿದು, ಮೊದಲು ಒಳ್ಳೇ ಕಾಲು, ಆಮೇಲೆ ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತು, ಮತ್ತೆ ಇನ್ನೊಂದು ಕಾಲು. ಕಕ್ಕಸಿಗೆ ಕೂರಲಾಗದೆ ಗೋಡೆಗೆ ಒರಗುತ್ತಾರಂತೆ. ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ಕೊಟ್ಟೆ. ಒಂದಕ್ಷರ ಜಾಸ್ತಿ ಸೇರಿಸಲಿಲ್ಲ, ನಾಟಕ ಮಾಡಿಸಲಿಲ್ಲ. ಶೇಕಡ 55 ಬಂತು.

ಆಮೇಲಿನದು ನಾಡಕಚೇರಿ ಕೆಲಸ. ವರ್ಷದ ಆದಾಯ 32,000 ರೂಪಾಯಿ ಒಳಗಿರಬೇಕು. ಗ್ರಾಮ ಆಡಳಿತಾಧಿಕಾರಿ ವಿಚಾರಿಸಲು ಬಂದಾಗ ದಿನಾ ಟೀ ಕೊಡುವ ಅಂಗಡಿಯವರೇ "ಇವರು ಇಲ್ಲೇ ಇರೋರು" ಅಂದರು. ನಿಮ್ಮವರ ಆಧಾರ್ ವಿಳಾಸ ಬದಲಿಸಲೇಬೇಕು ಅಂತಾದರೆ ಗೆಜೆಟೆಡ್ ಅಧಿಕಾರಿಯಿಂದ ಆಧಾರ್‌ನ ನಿಗದಿತ ನಮೂನೆಯಲ್ಲಿ ಸಹಿ ಹಾಕಿಸಬಹುದು. ಪಂಚಾಯ್ತಿಗಳಲ್ಲಿ ಅಂಗವಿಕಲರಿಗೆ ನೆರವಾಗಲೆಂದೇ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ, ಅವರನ್ನು ಕಾಣಿ. ಏಜೆಂಟಿಗೆ ಕೊಡುವ ದುಡ್ಡಲ್ಲಿ ಊಟ ಕೊಡಿಸಿ.

ಅಣ್ಣನಿಗೆ ತಿಂಗಳಿಗೆ 800 ರೂಪಾಯಿ ಬರುತ್ತಿದೆ. ಶೇಕಡ 75 ದಾಟಿದ್ದರೆ 1,400 ಸಿಗುತ್ತಿತ್ತು. ಕಡಿಮೆಯೇ, ಗೊತ್ತು. ಆದರೂ ಮೊದಲ ತಿಂಗಳ ದುಡ್ಡು ಕೈಗೆ ಬಂದಾಗ ಟೀ ಅಂಗಡಿಯ ಹಳೇ ಸಾಲ ಪೂರ್ತಿ ತೀರಿಸಿ, ನನಗೂ ಒಂದು ಟೀ ಹೇಳಿದರು.

ನೀವು ಅರ್ಜಿ ತುಂಬುವ ಮೊದಲು ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ, ಅವರು ಹೇಗೆ ಏಳುತ್ತಾರೆ ಅಂತ ನೋಡಿ ಬರೆದಿಟ್ಟುಕೊಳ್ಳಿ.