ದುಬಾರಿ ಕ್ವಾರ್ಟರ್‌ಬ್ಯಾಕ್ ಇದ್ದರೆ ತಂಡ ಗೆಲ್ಲುತ್ತದೆಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ಮಗ ಅಮೆರಿಕದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅಲ್ಲಿಯ ಫುಟ್‌ಬಾಲ್ ಗೀಳು ನಮ್ಮ ಮನೆಗೂ ಹತ್ತಿದೆ. ಅಲ್ಲಿಯ ಲೀಗಿನ ಫೈನಲ್ ಆದ ಸೂಪರ್ ಬೌಲ್ ಇರುವ ಸೋಮವಾರ ಬೆಳಗಿನ ಜಾವವೇ ಎದ್ದು ಕೂರುತ್ತೇವೆ. ಡಲ್ಲಾಸ್ ತಂಡವು ತನ್ನ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸುತ್ತ ಚೆಂಡು ಎಸೆಯುವ ಆಟಗಾರ) ಡ್ಯಾಕ್ ಪ್ರೆಸ್ಕಾಟ್‌ಗೆ ವರ್ಷಕ್ಕೆ ಸರಾಸರಿ 6 ಕೋಟಿ ಡಾಲರ್ ಕೊಡುತ್ತದೆ ಎಂದು ಮಗ ಹೇಳುತ್ತಾನೆ. ಆದರೆ ಆ ತಂಡ ಕಪ್ ಗೆದ್ದದ್ದನ್ನು ನಾವು ಕಂಡಿಲ್ಲ. ಒಬ್ಬನಿಗೇ ಇಷ್ಟು ಸುರಿಯುವುದರಿಂದ ತಂಡಕ್ಕೆ ಲಾಭವೋ, ನಷ್ಟವೋ?
— ನಿವೃತ್ತ ಬ್ಯಾಂಕ್ ನೌಕರರು, ವಿದ್ಯಾನಗರ, ದಾವಣಗೆರೆ

ಉತ್ತರ: ಲೆಕ್ಕವನ್ನು ಪ್ರೆಸ್ಕಾಟ್ ಅವರ ಸಂಬಳದಿಂದಲ್ಲ, ತಂಡಕ್ಕೆ ವಿಧಿಸಿರುವ ಒಟ್ಟು ಮಿತಿಯಿಂದ ಆರಂಭಿಸಬೇಕು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳಿಗೂ ಆಟಗಾರರ ವರ್ಷದ ಸಂಬಳಕ್ಕೆ ಸ್ಯಾಲರಿ ಕ್ಯಾಪ್ ಎಂಬ ಒಂದೇ ಮಿತಿಯಿದೆ. ಅದು 1994ರಲ್ಲಿ ಜಾರಿಗೆ ಬಂದಾಗ 3.46 ಕೋಟಿ ಡಾಲರ್ ಇತ್ತು, 2025ರಲ್ಲಿ 27.92 ಕೋಟಿಗೆ ಏರಿತು. ಮಾಲೀಕರು ಎಷ್ಟೇ ಸಿರಿವಂತರಾಗಿದ್ದರೂ ತಮ್ಮ ಜೇಬಿನಿಂದ ಹಣ ತೆಗೆದು ಈ ಮಿತಿಯನ್ನು ದಾಟುವಂತಿಲ್ಲವಾದ್ದರಿಂದ, ಕ್ವಾರ್ಟರ್‌ಬ್ಯಾಕ್‌ಗೆ ಹೆಚ್ಚಾಗಿ ಕೊಟ್ಟ ಪ್ರತಿಯೊಂದು ಡಾಲರೂ 53 ಮಂದಿಯ ಬಳಗದಲ್ಲಿ ಬೇರೆ ಯಾರದೋ ಪಾಲಿನಿಂದ ಬಂದಿರುತ್ತದೆ. ನಿಮ್ಮ ದಾವಣಗೆರೆಯಲ್ಲಿ ಕ್ಯಾಂಪ್ ಹಾಕುತ್ತಿದ್ದ ನಾಟಕ ಕಂಪನಿಗಳಲ್ಲಿ ರಾಜಾಪಾರ್ಟಿನವನ ಪಗಾರ ಏರಿದಾಗ ಹಾರ್ಮೋನಿಯಂ ಮಾಸ್ತರರಿಗೂ ಪರದೆ ಎಳೆಯುವವರಿಗೂ ಏನು ಉಳಿಯಿತೆಂದು ಕೇಳಬೇಕಾಗುತ್ತಿದ್ದ ಹಾಗೆ, ಇಲ್ಲಿಯೂ ಉಳಿದವರನ್ನು ನೋಡದೆ ನಾಯಕನ ಸಂಬಳದ ಬಗ್ಗೆ ತೀರ್ಪು ಕೊಡಲಾಗದು.

ಉಳಿದವರು ಎಷ್ಟು ಮುಖ್ಯ ಎಂಬುದನ್ನು 2021ರ ಫೆಬ್ರವರಿಯಲ್ಲಿ ನಡೆದ ಸೂಪರ್ ಬೌಲ್ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಕನ್ಸಾಸ್ ಸಿಟಿ ತಂಡವು ತನ್ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಜೊತೆ ಹತ್ತು ವರ್ಷಗಳಿಗೆ 45 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತ್ತು. ಆದರೆ ಅವರನ್ನು ಎರಡೂ ಅಂಚುಗಳಲ್ಲಿ ಕಾಯಬೇಕಿದ್ದ ಇಬ್ಬರು ಟ್ಯಾಕಲ್‌ಗಳು ಗಾಯಗೊಂಡು ಹೊರಗಿದ್ದರು. ಪಂದ್ಯದುದ್ದಕ್ಕೂ ಮಹೋಮ್ಸ್ ಎದುರಾಳಿಗಳಿಂದ ತಪ್ಪಿಸಿಕೊಂಡು ಓಡುವುದೇ ಆಯಿತು. ಕೊನೆಯ ಕ್ವಾರ್ಟರಿನಲ್ಲಿ ಒಮ್ಮೆಯಂತೂ ಅವರು ಬೀಳುತ್ತಾ, ದೇಹ ನೆಲಕ್ಕೆ ಸಮಾನಾಂತರವಾಗಿದ್ದಾಗಲೇ ಚೆಂಡನ್ನು ಎಸೆದರು. ಅದು ಅಂಕ ಗಳಿಸುವ ಅಂಚಿನ ವಲಯವಾದ ಎಂಡ್ ಝೋನ್‌ನಲ್ಲಿದ್ದ ಸಹ ಆಟಗಾರನ ಹೆಲ್ಮೆಟಿನ ಮುಖಜಾಲರಿಗೇ ತಗುಲಿ ಕೆಳಗೆ ಬಿತ್ತು. ಅಂಥ ಎಸೆತವನ್ನು ಎಸೆಯಬಲ್ಲವರು ಜಗತ್ತಿನಲ್ಲಿ ಮತ್ತೊಬ್ಬರಿರಲಿಕ್ಕಿಲ್ಲ, ಆದರೂ ತಂಡ 31–9ರಿಂದ ಸೋತಿತು.

ಮುಂದಿನ ಕೆಲವೇ ತಿಂಗಳಲ್ಲಿ ಆ ತಂಡವು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಲೈನ್‌ಮನ್‌ಗಳ ಸಾಲನ್ನೇ ಹೊಸದಾಗಿ ಕಟ್ಟಿತು. ಕೆಲವರಿಗೆ ದೊಡ್ಡ ಬೆಲೆ ಕೊಟ್ಟರೂ, ಕ್ರೀಡ್ ಹಂಫ್ರಿ ಅವರನ್ನು ಡ್ರಾಫ್ಟಿನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಎರಡನೇ ಸುತ್ತಿನಲ್ಲೂ ಟ್ರೇ ಸ್ಮಿತ್ ಅವರನ್ನು ಆರನೇ ಸುತ್ತಿನಲ್ಲೂ ಅಗ್ಗಕ್ಕೆ ಪಡೆಯಿತು. 2022ರಲ್ಲಿ ಮಿಂಚಿನ ಓಟಗಾರ ಟೈರೀಕ್ ಹಿಲ್ ಅವರನ್ನು ಮಯಾಮಿಗೆ ಬಿಟ್ಟುಕೊಟ್ಟು, ಬದಲಿಗೆ ಐದು ಡ್ರಾಫ್ಟ್ ಅವಕಾಶಗಳನ್ನು ತೆಗೆದುಕೊಂಡಿತು. ಅಭಿಮಾನಿಗಳಿಗೆ ಇದು ಹೊಟ್ಟೆ ಉರಿಸಿದ ವ್ಯವಹಾರ. ಆ ಋತುವಿನ ಸೂಪರ್ ಬೌಲ್‌ನಲ್ಲಿ ಎದುರಿಗಿದ್ದ ಫಿಲಡೆಲ್ಫಿಯ ತಂಡವು ಲೀಗ್ ಹಂತದಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳನ್ನು ಚೆಂಡು ಎಸೆಯುವ ಮೊದಲೇ 70 ಬಾರಿ ಕೆಡವಿದ ತಂಡವಾಗಿತ್ತು. ಅಂದು ಮಹೋಮ್ಸ್ ಅವರನ್ನು ಒಮ್ಮೆಯೂ ಕೆಡವಲಾಗಲಿಲ್ಲ, ಕನ್ಸಾಸ್ ಸಿಟಿ 38–35ರಿಂದ ಗೆದ್ದಿತು.

ಅಲ್ಲಿಯವರೆಗೆ ಒಂದು ಮಾತು ಬಹಳ ಚಲಾವಣೆಯಲ್ಲಿತ್ತು: ಮಿತಿಯ ಶೇ 13ಕ್ಕಿಂತ ಹೆಚ್ಚು ಪಾಲನ್ನು ಕ್ವಾರ್ಟರ್‌ಬ್ಯಾಕ್‌ಗೆ ಕೊಟ್ಟ ತಂಡ ಎಂದೂ ಕಪ್ ಗೆಲ್ಲದು. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಸ್ಟೀವ್ ಯಂಗ್ ಅವರ ಪಾಲು ಸುಮಾರು ಶೇ 13 ಇದ್ದದ್ದೇ ಗೆದ್ದವರ ಪೈಕಿ ಗರಿಷ್ಠ ಎಂಬುದು ಅದಕ್ಕೆ ಆಧಾರ. 2022ರಲ್ಲಿ ಮಹೋಮ್ಸ್ ಅವರ ಪಾಲು ಶೇ 17ರಷ್ಟಿತ್ತು, ಮರುವರ್ಷ ಸುಮಾರು ಶೇ 16. ಎರಡೂ ಬಾರಿ ಕಪ್ ಅವರದ್ದೇ. ನನ್ನ ಅಭಿಪ್ರಾಯದಲ್ಲಿ ಆ ನಿಯಮ ಮುರಿಯುವ ಮೊದಲೂ ಗಟ್ಟಿಯಾಗಿರಲಿಲ್ಲ. ವರ್ಷಕ್ಕೆ ಗೆಲ್ಲುವುದು ಒಂದೇ ತಂಡ, ಅಷ್ಟು ದೊಡ್ಡ ಪಾಲು ಕೊಡುವವು ಕೆಲವೇ ತಂಡಗಳು. ಇಷ್ಟು ಕಡಿಮೆ ಉದಾಹರಣೆಗಳಿಂದ ನಿಯಮ ಕಟ್ಟುವುದು ಜಾತಕ ನೋಡಿ ಮಳೆ ಹೇಳಿದಂತೆ.

ಇನ್ನೊಂದು ತೊಡಕೂ ಇದೆ. ದೊಡ್ಡ ಸಂಬಳವು ಹಲವು ಬಾರಿ ಗೆಲುವಿಗೆ ಕಾರಣವಲ್ಲ, ಆಗಲೇ ಆಗಿಹೋದ ಗೆಲುವಿನ ಫಲ. ಬಾಲ್ಟಿಮೋರ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಫ್ಲ್ಯಾಕೊ 2013ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದ ಬೆನ್ನಿಗೇ ಆರು ವರ್ಷಕ್ಕೆ 12.06 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ತಿಂಗಳುಗಳಲ್ಲಿ ತಂಡವು ಕಪ್ ಗೆಲ್ಲಿಸುವಲ್ಲಿ ದೊಡ್ಡ ಪಾತ್ರ ವಹಿಸಿದ್ದ ಆಂಕ್ವಾನ್ ಬೋಲ್ಡಿನ್ ಅವರನ್ನು ಒಂದು ಆರನೇ ಸುತ್ತಿನ ಡ್ರಾಫ್ಟ್ ಅವಕಾಶಕ್ಕೆ ಬಿಟ್ಟುಕೊಟ್ಟಿತು. ಮರುವರ್ಷ ಎಂಟು ಗೆಲುವು, ಎಂಟು ಸೋಲು, ಪ್ಲೇಆಫ್‌ ಇಲ್ಲ.

ಇನ್ನು ನಿಮ್ಮ ಡಲ್ಲಾಸ್. ಅದು ಕೊನೆಯ ಬಾರಿ ಸೂಪರ್ ಬೌಲ್ ಗೆದ್ದದ್ದು 1996ರ ಜನವರಿಯಲ್ಲಿ, ಆಗ ಪ್ರೆಸ್ಕಾಟ್ ಇನ್ನೂ ಎಳೆಯ ಮಗು. ಹೀಗಾಗಿ ಆ ಬರಗಾಲಕ್ಕೆಲ್ಲ ಅವರ ಸಂಬಳವನ್ನೇ ದೂರಲಾಗದು. 2024ರ ಸೆಪ್ಟೆಂಬರಿನಲ್ಲಿ ನಾಲ್ಕು ವರ್ಷಕ್ಕೆ 24 ಕೋಟಿಯ ಒಪ್ಪಂದವಾದ ಮೇಲೆ ಅವರು ಎಂಟು ಪಂದ್ಯವಾಡಿ ತೊಡೆಯ ಸ್ನಾಯು ಹರಿದುಕೊಂಡು ಹೊರಗುಳಿದರು, ತಂಡ 7 ಗೆಲುವು, 10 ಸೋಲುಗಳಲ್ಲಿ (7–10) ಮುಗಿಸಿತು. ಮಹೋಮ್ಸ್ ಅಂಥವರಿಗೆ ಎಷ್ಟು ಕೊಟ್ಟರೂ ದುಬಾರಿಯಲ್ಲ ಎಂದು ನಾನು ವಾದಿಸಬಲ್ಲೆ. ತಂಡಗಳು ಸೊರಗುವುದು ಒಳ್ಳೆಯ, ಆದರೆ ಅತ್ಯುತ್ತಮನಲ್ಲದ ಆಟಗಾರನಿಗೆ, ಬಿಟ್ಟರೆ ಇನ್ನೊಬ್ಬ ಸಿಗಲಾರನೆಂಬ ಭಯದಿಂದ, ಅತ್ಯುತ್ತಮನ ಬೆಲೆಯನ್ನೇ ತೆತ್ತಾಗ.

ಪ್ರಶ್ನೆ: ಫಿಲಡೆಲ್ಫಿಯ ತಂಡವು ಜೇಲೆನ್ ಹರ್ಟ್ಸ್ ಅವರಿಗೆ ಐದು ವರ್ಷಕ್ಕೆ 25.5 ಕೋಟಿ ಡಾಲರ್ ಒಪ್ಪಿಕೊಂಡಿದ್ದರೂ ಉಳಿದ ಸ್ಥಾನಗಳಲ್ಲಿ ಅಷ್ಟೊಂದು ಬಲವಾದ ಆಟಗಾರರನ್ನು ಇಟ್ಟುಕೊಂಡು 2025ರ ಸೂಪರ್ ಬೌಲ್ ಗೆದ್ದದ್ದು ಹೇಗೆ? ಲೆಕ್ಕ ತಾಳೆಯಾಗುವುದಿಲ್ಲವಲ್ಲ?
— ವಾಣಿಜ್ಯಶಾಸ್ತ್ರ ಉಪನ್ಯಾಸಕಿ, ಚಿತ್ರದುರ್ಗ

ಉತ್ತರ: ಕೈಗೆ ಕೊಡುವ ಹಣ ಬೇರೆ, ಆ ವರ್ಷದ ಖಾತೆಗೆ ಬರೆಯುವ ಹಣ ಬೇರೆ, ಸವಕಳಿ ಪಾಠ ಮಾಡುವ ನಿಮಗೆ ಇದು ಬೇಗ ಹೊಳೆಯುತ್ತದೆ. ಸಹಿ ಹಾಕುವಾಗ ಕೊಡುವ ಬೋನಸ್ಸನ್ನು ಗರಿಷ್ಠ ಐದು ವರ್ಷಗಳಿಗೆ ಹಂಚಿ ಬರೆಯಲು ನಿಯಮದಲ್ಲಿ ಅವಕಾಶವಿದೆ. ಇಂದು 5 ಕೋಟಿ ಬೋನಸ್ ಕೊಟ್ಟರೆ ಈ ವರ್ಷದ ಮಿತಿಯಲ್ಲಿ ತಿನ್ನುವುದು 1 ಕೋಟಿ ಮಾತ್ರ. ಫಿಲಡೆಲ್ಫಿಯ ಇದರಲ್ಲಿ ಪಳಗಿದ ತಂಡ. ಸರಾಸರಿ ಲೆಕ್ಕದಲ್ಲಿ ವರ್ಷಕ್ಕೆ 5.1 ಕೋಟಿ ಬೀಳುವ ಹರ್ಟ್ಸ್ ಅವರು 2024ರ ಖಾತೆಯಲ್ಲಿ ಕಾಣಿಸಿಕೊಂಡದ್ದು ಸುಮಾರು 1.35 ಕೋಟಿಯಾಗಿ, ಅಂದರೆ ಆ ವರ್ಷದ 25.54 ಕೋಟಿಯ ಮಿತಿಯಲ್ಲಿ ಶೇ 5ರ ಆಸುಪಾಸು. ಉಳಿದ ಹಣದಲ್ಲಿ ಕಟ್ಟಿದ ಪಡೆ ಆ ಋತುವಿನ ಸೂಪರ್ ಬೌಲ್‌ನಲ್ಲಿ ಮಹೋಮ್ಸ್ ಅವರನ್ನು ಆರು ಸಲ ಕೆಡವಿ 40–22ರಿಂದ ಗೆದ್ದಿತು.

ಸಾಲ ತೀರಿಸಲೇಬೇಕು ಎನ್ನುವುದನ್ನು ಮರೆಯಬಾರದು. ಆಟಗಾರನನ್ನು ಮಧ್ಯದಲ್ಲಿ ಕೈಬಿಟ್ಟರೆ ಬರೆಯದೆ ಉಳಿಸಿದ್ದ ಬಾಕಿಯೂ, ಖಾತ್ರಿ ಕೊಟ್ಟಿದ್ದ ಸಂಬಳವೂ ಖಾತೆಗೆ ಬಂದು ಕೂರುತ್ತವೆ. ಅದಕ್ಕೆ ಅಲ್ಲಿ ಡೆಡ್ ಮನಿ ಎನ್ನುತ್ತಾರೆ. ಡೆನ್ವರ್ ತಂಡವು ರಸೆಲ್ ವಿಲ್ಸನ್ ಅವರಿಗೆ 2022ರಲ್ಲಿ 24.5 ಕೋಟಿಯ ಒಪ್ಪಂದ ನೀಡಿ, 2024ರ ಮಾರ್ಚಿನಲ್ಲಿ ಕೈಬಿಟ್ಟಾಗ ತಲೆಗೆ ಬಂದ ಹೊರೆ 8.5 ಕೋಟಿ ಡಾಲರ್, ಅಂದಿಗೆ ಅದು ದಾಖಲೆ. ಸ್ವಾರಸ್ಯವೆಂದರೆ, ಎರಡು ವರ್ಷಗಳಿಗೆ ಹಂಚಿದ ಆ ಹೊರೆಯನ್ನು ಹೊತ್ತುಕೊಂಡೇ ಡೆನ್ವರ್ ಅದೇ ಋತುವಿನಲ್ಲಿ ಹೊಸಬ ಬೊ ನಿಕ್ಸ್ ಅವರ ಜೊತೆ 10–7 ಸಾಧಿಸಿ ಪ್ಲೇಆಫ್ ತಲುಪಿತು.

ಪ್ರಶ್ನೆ: ಹಾಗಾದರೆ ಹೊಸಬನನ್ನೇ ಕ್ವಾರ್ಟರ್‌ಬ್ಯಾಕ್ ಮಾಡಿ, ನಾಲ್ಕು ವರ್ಷವಾದ ಮೇಲೆ ಬಿಟ್ಟು ಮತ್ತೊಬ್ಬನನ್ನು ತರುವುದೇ ಜಾಣತನವಲ್ಲವೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಕಾಗದದ ಮೇಲೆ ಹೌದು. 2011ರ ಕಾರ್ಮಿಕ ಒಪ್ಪಂದವು ಹೊಸಬರ ಸಂಬಳಕ್ಕೆ ಕಟ್ಟು ಹಾಕಿತು: 2010ರ ಮೊದಲ ಆಯ್ಕೆ ಸ್ಯಾಮ್ ಬ್ರ್ಯಾಡ್‌ಫರ್ಡ್ ಅವರದು ಆರು ವರ್ಷಕ್ಕೆ 7.8 ಕೋಟಿ ಡಾಲರಿನ ಒಪ್ಪಂದ, ಮರುವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್ ಅವರದು ನಾಲ್ಕು ವರ್ಷಕ್ಕೆ 2.2 ಕೋಟಿ. 2022ರ ಡ್ರಾಫ್ಟಿನಲ್ಲಿ ಕಟ್ಟಕಡೆಯವರಾಗಿ, 262ನೆಯವರಾಗಿ ಆಯ್ಕೆಯಾದ ಬ್ರಾಕ್ ಪರ್ಡಿ 2023ರಲ್ಲಿ ವರ್ಷಕ್ಕೆ 9 ಲಕ್ಷ ಡಾಲರಿಗಿಂತ ಕಡಿಮೆ ಸಂಬಳದಲ್ಲಿ ಸ್ಯಾನ್ ಫ್ರಾನ್ಸಿಸ್ಕೋವನ್ನು ಸೂಪರ್ ಬೌಲ್‌ವರೆಗೆ ಒಯ್ದರು. ಆದರೆ ಅವರು ಅಗ್ಗವಾಗಿಯೇ ಇದ್ದ 2024ರಲ್ಲಿ, ಗಾಯಾಳುಗಳ ಸಾಲು ಬೆಳೆದು, ಅದೇ ತಂಡ 6–11ಕ್ಕೆ ಕುಸಿಯಿತು. ಹೀಗಿದ್ದೂ 2025ರಲ್ಲಿ ತಂಡವು ಅವರಿಗೆ ಐದು ವರ್ಷಕ್ಕೆ 26.5 ಕೋಟಿ ಕೊಟ್ಟು ಉಳಿಸಿಕೊಂಡಿತು. ಯಾಕೆಂದರೆ ಡ್ರಾಫ್ಟಿನಲ್ಲಿ ಪ್ರತಿ ನಾಲ್ಕು ವರ್ಷಕ್ಕೊಬ್ಬ ಪರ್ಡಿ ಸಿಗುವುದಿಲ್ಲ. ಮೊದಲ ಸುತ್ತಿನಲ್ಲೇ ಆರಿಸಿದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ನೆಲೆ ನಿಲ್ಲದವರು ಬೇಕಾದಷ್ಟು ಮಂದಿ ಇದ್ದಾರೆ.

ಪ್ರಶ್ನೆ: ಐಪಿಎಲ್ ಹರಾಜಿಗೂ ಈ ಮಾತು ಅನ್ವಯಿಸುತ್ತದೆಯೇ?
— ಕ್ರಿಕೆಟ್ ಅಭಿಮಾನಿ, ಹರಿಹರ

ಉತ್ತರ: ಅರ್ಧ ಮಾತ್ರ. 2025ರ ಋತುವಿಗೆ ಪ್ರತಿ ತಂಡದ ಥೈಲಿ 120 ಕೋಟಿ ರೂಪಾಯಿ. ಲಖನೌ 27 ಕೋಟಿ ಕೊಟ್ಟು ರಿಷಭ್ ಪಂತ್ ಅವರನ್ನು ತಂದು ಏಳನೇ ಸ್ಥಾನದಲ್ಲಿ ಮುಗಿಸಿತು, ಪಂಜಾಬ್ 26.75 ಕೋಟಿ ಕೊಟ್ಟು ಶ್ರೇಯಸ್ ಅಯ್ಯರ್ ಅವರನ್ನು ತಂದು ಫೈನಲ್ ತಲುಪಿ, ನಮ್ಮ ಆರ್‌ಸಿಬಿಗೆ 6 ರನ್ನುಗಳಿಂದ ಸೋತಿತು. ಬೆಲೆ ಹೆಚ್ಚುಕಡಿಮೆ ಒಂದೇ, ಫಲ ಬೇರೆ. ಆದರೆ ಬ್ಯಾಟರ್ ಮೊದಲ ಎಸೆತಕ್ಕೆ ಔಟಾದರೂ ಇನ್ನು ಹತ್ತು ಮಂದಿ ಇರುತ್ತಾರೆ, ಕ್ವಾರ್ಟರ್‌ಬ್ಯಾಕ್ ಮಾತ್ರ ತನ್ನ ತಂಡ ದಾಳಿಗಿಳಿದ ಬಹುತೇಕ ಪ್ರತಿ ಆಟದಲ್ಲೂ ಚೆಂಡನ್ನು ಮೊದಲು ಕೈಗೆ ತೆಗೆದುಕೊಳ್ಳುವವನು. ಆ ಕಾರಣಕ್ಕೇ ಪಂತ್ ಅವರ 27 ಕೋಟಿಯನ್ನು ಪ್ರೆಸ್ಕಾಟ್ ಅವರ 6 ಕೋಟಿ ಡಾಲರಿನ ಪಕ್ಕ ಇಟ್ಟು ತೂಗಲು ನಾನು ಹೋಗುವುದಿಲ್ಲ.