ಯೂನಿಯನ್‌ನ ಒಂದು ಶಾಖೆ ಬೇರೆ ದೇಶದ ಜನರಿಗಾಗಿ ನಿಜಕ್ಕೂ ಏನು ಮಾಡಬಲ್ಲದು?

ಠರಾವು ಪಾಸು ಮಾಡಿ ಮನೆಗೆ ಹೋಗುವುದಷ್ಟೇ ಅಲ್ವಾ ಅಂತ ಕೇಳಿದ್ದೀರಿ. ಎಷ್ಟೋ ಕಡೆ ಅಷ್ಟೇ ನಡೆಯುತ್ತದೆ, ನಿಜ. ಆದರೆ ಠರಾವಿಗೂ ಒಮ್ಮೊಮ್ಮೆ ಹಲ್ಲು ಬರುತ್ತದೆ.

ಕರಿಯರನ್ನು ತುಳಿಯುವ ವರ್ಣಭೇದ ನೀತಿಯನ್ನು ವಿರೋಧಿಸಿ, ದಕ್ಷಿಣ ಆಫ್ರಿಕಾದ ಸಾಮಾನು ಮುಟ್ಟಬಾರದು ಅಂತ ಐರ್ಲೆಂಡಿನ ಅಂಗಡಿ ನೌಕರರ ಯೂನಿಯನ್ ಠರಾವು ಮಾಡಿತ್ತು. 1984ರ ಜುಲೈನಲ್ಲಿ ಡಬ್ಲಿನ್‌ನ ಡನ್ಸ್ ಸ್ಟೋರ್ಸ್‌ನಲ್ಲಿ ಗಿರಾಕಿಯೊಬ್ಬರು ಅಲ್ಲಿಂದ ಬಂದ ಗ್ರೇಪ್‌ಫ್ರೂಟ್ ಹಣ್ಣು ತಂದು ಕೌಂಟರ್ ಮೇಲಿಟ್ಟರು. ಕ್ಯಾಷಿಯರ್ ಮೇರಿ ಮ್ಯಾನಿಂಗ್ ಬಿಲ್ ಹಾಕಲಿಲ್ಲ. ಆಕೆಯನ್ನು ಸಸ್ಪೆಂಡ್ ಮಾಡಿದರು. ಜೊತೆಯವರೂ ಹೊರಗೆ ಬಂದರು. ಬೆರಳೆಣಿಕೆಯ ಜನ, ಆದರೂ ಮುಷ್ಕರ ಎರಡೂವರೆ ವರ್ಷಕ್ಕಿಂತ ಜಾಸ್ತಿ ನಡೆಯಿತು. 1987ರಲ್ಲಿ ಐರ್ಲೆಂಡ್ ಸರ್ಕಾರವೇ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿ ಆಮದು ನಿಲ್ಲಿಸಿತು.

1974ರದ್ದು ಇನ್ನೊಂದು. ಸ್ಕಾಟ್‌ಲೆಂಡಿನ ಈಸ್ಟ್ ಕಿಲ್‌ಬ್ರೈಡ್‌ನ ರೋಲ್ಸ್ ರಾಯ್ಸ್ ಕಾರ್ಖಾನೆಗೆ ಚಿಲಿ ವಾಯುಪಡೆಯ ಎಂಜಿನ್‌ಗಳು ರಿಪೇರಿಗೆ ಬಂದವು. ಹಿಂದಿನ ವರ್ಷ ಚಿಲಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತ್ತು. ಕೆಲಸಗಾರರು ಮುಟ್ಟಲ್ಲ ಅಂದರು. ಎಂಜಿನ್‌ಗಳು ವರ್ಷಗಟ್ಟಲೆ ಅಂಗಳದಲ್ಲಿ ಮಳೆ ತಿಂದವು.

ಎಲ್ಲ ಶಾಖೆಗೂ ಇಂಥ ಅವಕಾಶ ಸಿಗುವುದಿಲ್ಲ, ಬಿಡಿ. ದಿನನಿತ್ಯದ ಕೆಲಸ ಅಂದರೆ ಮುಷ್ಕರ ನಿಧಿಗೆ ಚಂದಾ, ಜೈಲಿನಲ್ಲಿರುವ ಮುಖಂಡರ ಬಿಡುಗಡೆಗೆ ಪತ್ರ, ಅಲ್ಲಿನವರನ್ನು ಸಭೆಗೆ ಕರೆದು ಮಾತು ಕೇಳುವುದು. ಒಂದು ಎಚ್ಚರಿಕೆ: ಬಹಿಷ್ಕಾರಕ್ಕೆ ಕರೆ ಕೊಡುವ ಮುಂಚೆ ಅಲ್ಲಿನ ಯೂನಿಯನ್‌ನವರನ್ನೇ ಕೇಳಿ. ಆರ್ಡರ್ ನಿಂತರೆ ಮೊದಲು ಕೆಲಸ ಹೋಗುವುದು ಅವರದ್ದೇ.